ಮೂರನೇ ತರಗತಿಯ ತೊಗರಿ ಕಾಳುಗಳು

ಜೂನ್ 19, ಗುರುವಾರ. ಹುಮನಾಬಾದಿನ ನಮ್ಮ ಕೇಂದ್ರಕ್ಕೆ ಆ ದಿನ ಬಂದ ಒಂಬತ್ತು ಮಕ್ಕಳಲ್ಲಿ ಇವಳು ಏಳನೆಯವಳು. ಮಧ್ಯಾಹ್ನ ಒಂದೂವರೆ ದಾಟಿತ್ತು, ನನ್ನ ಊಟದ ಡಬ್ಬಿ ಇನ್ನೂ ಚೀಲದಲ್ಲೇ ಇತ್ತು. ಎಂಟು ವರ್ಷದ ಹುಡುಗಿ ಒಳಗೆ ಬಂದವಳೇ ತೂಕದ ಯಂತ್ರದ ಮೇಲೆ ಹತ್ತಿ ಇಳಿದಳು, ಬೀರುವಿನ ಬಾಗಿಲು ತೆಗೆದಳು, ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ಹಿಂದೆ ಏನಿದೆ ಎಂದು ನೋಡಿದಳು. ಅವಳ ತಾಯಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಕುರ್ಚಿ ತೋರಿಸಿದೆ. ಬೇಡವೆಂದಳು. ಬಾಗಿಲಿಗೆ ಅಡ್ಡ ಕುಳಿತಿದ್ದಾಳೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅವರ ಊರಿನ ಶಾಲೆಯ ಮುಂದೆಯೇ ಹೆದ್ದಾರಿ. ಶಾಲೆ ಶುರುವಾದ ವಾರವೇ ಹುಡುಗಿ ಒಂದು ಲಾರಿಯ ಮುಂದೆ ಓಡಿದ್ದಳು. ಲಾರಿ ನಿಂತಿತ್ತು, ಅಷ್ಟೇ. ಅಂದಿನಿಂದ ಹೆಡ್ ಮಾಸ್ತರರ ಷರತ್ತು: ಮನೆಯವರು ಯಾರಾದರೂ ಗೇಟಿನ ಹತ್ತಿರ ಕೂತಿರಬೇಕು, ಇಲ್ಲದಿದ್ದರೆ ಟಿ.ಸಿ. ತೆಗೆದುಕೊಂಡು ಹೋಗಬೇಕು. ತಾಯಿ ಹೊಲದ ಕೂಲಿ ಬಿಟ್ಟು ಹತ್ತು ದಿನದಿಂದ ಗೇಟಿನಲ್ಲಿ ಕುಳಿತಿದ್ದಳು. ಬೇರೆ ಶಾಲೆ ಹೆದ್ದಾರಿಯ ಆಚೆ ಬದಿಗೆ ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಟಿ.ಸಿ. ಎಂದರೆ ಓದು ಮುಗಿದಂತೆ ಎಂದು ತಾಯಿಗೂ ಮಾಸ್ತರರಿಗೂ ಗೊತ್ತಿತ್ತು.

"ಬೇಕಂತ ಮಾಡಂಗಿಲ್ರಿ ಮೇಡಂ," ಎಂದಳು ತಾಯಿ. "ಹೇಳಿದ್ದು ಕೇಳ್ತಾಳ. ಆದ್ರ ಹೊಸ್ತಿಲ ದಾಟೋದ್ರಾಗ ಮರೀತಾಳ."

ನಮ್ಮದು ಒಂದು ಟ್ರಸ್ಟಿನ ಸಣ್ಣ ಕೇಂದ್ರ. ಹುಮನಾಬಾದಿನಲ್ಲಿ ಎರಡು ಕೋಣೆ, ಬಸವಕಲ್ಯಾಣದಲ್ಲಿ ಒಂದು. ನಾನು ಸೋಮವಾರ, ಬುಧವಾರ ಬಸವಕಲ್ಯಾಣದಲ್ಲಿ, ಉಳಿದ ದಿನ ಇಲ್ಲಿ. ಮನೋವೈದ್ಯರು ಎರಡು ವಾರಕ್ಕೊಂದು ಗುರುವಾರ ಬೀದರಿನಿಂದ ಬರುತ್ತಾರೆ. ಅವರು ಬರುವಷ್ಟರಲ್ಲಿ ಪ್ರತಿ ಮಗುವಿನ ಪೂರ್ತಿ ವಿವರ ಹೊಂದಿಸಿಡುವುದು ಆಪ್ತಸಲಹೆಗಾರ್ತಿಯಾದ ನನ್ನ ಕೆಲಸ. ಗಮನ ನಿಲ್ಲದ, ಕೂತಲ್ಲಿ ಕೂರದ ಮಕ್ಕಳನ್ನೆಲ್ಲ ಎಡಿಎಚ್‌ಡಿ ಎಂದು ಬರೆಯಲು ಆಗುವುದಿಲ್ಲ. ತೊಂದರೆ ಆರು ತಿಂಗಳಿಗಿಂತ ಹಳೆಯದಾಗಿರಬೇಕು, ಚಿಕ್ಕಂದಿನಿಂದ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ಕಣ್ಣು, ಕಿವಿ ಸರಿಯಿವೆಯೇ, ಮೂರ್ಛೆ ಇದೆಯೇ, ನಿದ್ದೆ ಹೇಗಿದೆ, ಮನೆಯಲ್ಲಿ ಹೊಡೆತ ಬಡಿತ ಇದೆಯೇ ಎಂದೆಲ್ಲ ನೋಡಬೇಕು. ಅದಕ್ಕಾಗಿ ಶಾಲೆಗೊಂದು, ಮನೆಗೊಂದು ಪ್ರಶ್ನಾವಳಿ ಇರುತ್ತದೆ.

ಎರಡನ್ನೂ ತಾಯಿಯ ಕೈಗೆ ಕೊಟ್ಟು ಕಳಿಸಿದೆ. ಮುಂದಿನ ಗುರುವಾರ ಎರಡೂ ತುಂಬಿ ಬಂದವು. ಒಂದೇ ಪೆನ್ನು, ಒಂದೇ ರೀತಿಯ ಗುರುತು, ಒಂದಕ್ಕೊಂದು ಅಚ್ಚಾಗಿ ಹೊಂದುವ ಉತ್ತರಗಳು. ಹೆಡ್ ಮಾಸ್ತರರಿಗೆ ಫೋನ್ ಮಾಡಿದೆ. ತಾಯಿಗೆ ಓದಲು ಬರುವುದಿಲ್ಲ, ಹಾಗಾಗಿ ಮನೆಯದನ್ನೂ ತಾವೇ ತುಂಬಿದ್ದಾಗಿ ಅವರು ಹೇಳಿದರು. ನನ್ನ ಕೆಲಸ ಹಗುರ ಮಾಡಿದೆನೆಂಬ ಸಂತೋಷ ಅವರ ದನಿಯಲ್ಲಿತ್ತು. ನಾನು ಧನ್ಯವಾದ ಹೇಳಿ ಮನೆಯ ಹಾಳೆಯನ್ನು ಪಕ್ಕಕ್ಕಿಟ್ಟೆ. ತಾಯಿಗೆ ಒಂದೊಂದೇ ಪ್ರಶ್ನೆಯನ್ನು ನಮ್ಮ ಕಡೆಯ ಮಾತಿನಲ್ಲಿ ಓದಿ ಹೇಳಿ ತುಂಬಿದೆ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

ಆಮೇಲೆ ಶಾಲೆ. ಜುಲೈ ಮೊದಲ ಮಂಗಳವಾರ ಮೂರನೇ ತರಗತಿಯ ಹಿಂದಿನ ಗೋಡೆಗೆ ಒರಗಿ ಕುಳಿತು ಇಪ್ಪತ್ತು ನಿಮಿಷ ಗುರುತು ಹಾಕಿದೆ. ಅವಳು ಜಾಗ ಬಿಟ್ಟೆದ್ದಿದ್ದು ಹದಿನಾಲ್ಕು ಸಲ. ಹೋಲಿಕೆಗೆಂದು ಪಕ್ಕದ ಸಾಲಿನ ಇನ್ನೊಬ್ಬ ಹುಡುಗಿಯನ್ನು ನೋಡುತ್ತಿದ್ದೆ. ಅವಳದು ಎರಡು. ನಮ್ಮ ಹುಡುಗಿ ಎದ್ದರೂ ಯಾರಿಗೂ ಕಾಟ ಕೊಡುತ್ತಿರಲಿಲ್ಲ. ಒಬ್ಬಳ ರಬ್ಬರು ಎತ್ತಿಕೊಟ್ಟಳು, ಕಿಟಕಿಯ ಹೊರಗೆ ಕೋಳಿ ನೋಡಿದಳು, ವಾಪಸು ಬರುವ ದಾರಿಯಲ್ಲಿ ಏಕೆ ಎದ್ದೆನೆಂದು ಮರೆತು ನಡುವೆ ನಿಂತಳು. ಹೆಡ್ ಮಾಸ್ತರರೇ ಆ ತರಗತಿಗೂ ಪಾಠ ಮಾಡುತ್ತಿದ್ದರು. ದಿನಾ ಹೀಗೆ ಎಣಿಸಬಹುದೇ ಎಂದು ಕೇಳಿದೆ.

"ಮೇಡಂ, ನಾ ಪಾಠ ಮಾಡ್ಲೋ, ಈ ಪೋರಿ ಎಷ್ಟ ಸಲ ಎದ್ದಳಂತ ಬರಕೋತ ಕೂಡ್ಲೋ?"

ಬರೆಯುವುದೇ ಬೇಡ ಎಂದೆ. ಬೆಳಿಗ್ಗೆ ಹತ್ತೂವರೆಯಿಂದ ಇಪ್ಪತ್ತು ನಿಮಿಷ, ಅವಳು ಎದ್ದಾಗೊಮ್ಮೆ ಜೇಬಿನಿಂದ ಒಂದು ತೊಗರಿ ಕಾಳು ತೆಗೆದು ಸೀಮೆಸುಣ್ಣದ ಡಬ್ಬಿಗೆ ಹಾಕಿದರೆ ಸಾಕು. ಅವರು ಗೊಣಗಿದರು, ಆದರೆ ಮಾಡಿದರು. ಜುಲೈ ಎರಡನೇ ವಾರದ ಲೆಕ್ಕವನ್ನು ನಾನೇ ಹೋಗಿ ಬರೆದುಕೊಂಡೆ: ಸೋಮವಾರದಿಂದ ಶುಕ್ರವಾರದವರೆಗೆ 14, 13, 15, 12, 14. ಒಟ್ಟು 68. ಮುಂದಿನದನ್ನು ಪ್ರತಿ ಶನಿವಾರ ಫೋನಿನಲ್ಲಿ ತಿಳಿಸುವೆನೆಂದರು. ವಾರದ ಮೊತ್ತ ಸಾಕೇ ಎಂದು ಕೇಳಿದರು. ಸಾಕು ಎಂದೆ. ಈ ಒಂದು ಪದವನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಜುಲೈ 17ರಂದು ವೈದ್ಯರು ಹುಡುಗಿಯನ್ನು ನೋಡಿದರು. ಕಣ್ಣು, ಕಿವಿ ಸರಿಯಿದ್ದವು. ಎಡಿಎಚ್‌ಡಿ ಎಂದು ಖಚಿತಪಡಿಸಿ, ಮೊದಲು ಎರಡು ವಾರ ಮಾತ್ರೆಯಿಲ್ಲದೆ ನೋಡೋಣವೆಂದರು. ತಾಯಿಗೆ ಕಲಿಸಿದೆ: ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ಭುಜ ಮುಟ್ಟಿ ಕಣ್ಣು ನೋಡಿ ಹೇಳಬೇಕು, ಮಾಡಿದ ತಕ್ಷಣ ಶಾಭಾಷ್ ಅನ್ನಬೇಕು. ಶಾಲೆಯಲ್ಲಿ ಬಾಗಿಲಿನಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸಿದರು. ಹತ್ತು ನಿಮಿಷ ಬರೆದ ಮೇಲೆ ನೀರು ತರುವ ನೆಪದಲ್ಲಿ ಒಮ್ಮೆ ಓಡಾಡಲು ಬಿಟ್ಟರು. ಮೊತ್ತ 60ರ ಕೆಳಗೆ ಇಳಿಯಲಿಲ್ಲ. ರಸ್ತೆಯ ಅಪಾಯ ಇರುವಾಗ ಇನ್ನು ಕಾಯುವುದು ಸರಿಯಲ್ಲ ಎಂದು ವೈದ್ಯರು ಜುಲೈ 31ರಂದು ಮಾತ್ರೆ ಬರೆದರು. ಅದು ಹುಮನಾಬಾದಿನ ಅಂಗಡಿಗಳಲ್ಲಿ ಸಿಗಲಿಲ್ಲ, ಬೀದರಿನಿಂದ ತರಿಸಿದೆವು. ಬೆಳಿಗ್ಗೆ ಒಂದು. ಕೆಲಸ ಸುಮಾರು ನಾಲ್ಕು ಗಂಟೆ ಇರುತ್ತದೆ, ಅದು ಆ ದಿನದ್ದು ಆ ದಿನಕ್ಕೇ ಮುಗಿಯುತ್ತದೆ.

ಮಾತ್ರೆ ಹಸಿವನ್ನು ಕಡಿಮೆ ಮಾಡುತ್ತದೆ, ಆದ್ದರಿಂದ ತಿಂಡಿಯಾದ ಮೇಲೆ ಕೊಡಲಿ ಎಂದು ವೈದ್ಯರು ಹೇಳಿದರು. ನಾನು ಅದನ್ನು ತಾಯಿಗೆ ಹೇಳುವಾಗ ಬಿಗಿ ಮಾಡಿದೆ. ಖಾಲಿ ಹೊಟ್ಟೆಗೆ ಒಟ್ಟೇ ಕೊಡಬೇಡಿ ಎಂದೆ. ಜನ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆಂದು ನಾನು ಎಲ್ಲವನ್ನೂ ಸ್ವಲ್ಪ ಬಿಗಿಯಾಗಿಯೇ ಹೇಳುವುದು ರೂಢಿ. ಇವಳು ಪೂರ್ತಿ ಕೇಳಿಸಿಕೊಂಡಿದ್ದಳು.

ಆಗಸ್ಟ್ ಮೊದಲ ವಾರದ ಮೊತ್ತ 41. ಎರಡನೇ ವಾರ 34, ಆದರೆ ಶುಕ್ರವಾರ ರಜೆಯಿದ್ದದ್ದರಿಂದ ನಾಲ್ಕೇ ದಿನ. ನಾನು ಎರಡು ಸಲ ಶಾಲೆಗೆ ಹೋದೆ, ಎರಡೂ ಸಲ ಮಂಗಳವಾರವೇ. ಹುಡುಗಿ ಕುಳಿತು ಲೆಕ್ಕ ಮಾಡುತ್ತಿದ್ದಳು. ನನ್ನ ಮಾತಿನ ಮೇಲೆ ಹೆಡ್ ಮಾಸ್ತರರು 21ರ ಗುರುವಾರದಿಂದ ತಾಯಿಗೆ ಗೇಟು ಬಿಟ್ಟು ಹೊಲಕ್ಕೆ ಹೋಗಲು ಹೇಳಿದರು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ಆದರೆ ಆ ಶನಿವಾರ ಫೋನಿನಲ್ಲಿ ಬಂದ ಮೊತ್ತ ಮತ್ತೆ 41. ಇಳಿಯಬೇಕಾದ್ದು ಅಲ್ಲೇ ನಿಂತಿತ್ತು. ಹಬ್ಬದ ವಾರ, ಎರಡೂ ಊರಿನಲ್ಲಿ ಕೆಲಸ ತುಂಬಿತ್ತು. ಹಬ್ಬ ಕಳೆದ ಮೇಲೆ ನೋಡಿದರಾಯಿತು ಎಂದುಕೊಂಡೆ.

ಸೋಮವಾರ, 25. ಬಸವಕಲ್ಯಾಣದ ಕೋಣೆಯಲ್ಲಿ ಹುಲಸೂರ ಕಡೆಯ ಒಬ್ಬ ಹುಡುಗನ ಅಪ್ಪನೊಡನೆ ಮಾತಾಡುತ್ತಿದ್ದಾಗ ಫೋನ್ ಬಂತು. ಗಣಪತಿ ಮೂರ್ತಿಗಳನ್ನು ತುಂಬಿಕೊಂಡ ಟೆಂಪೊ ಒಂದು ಬೆಳಿಗ್ಗೆ ಶಾಲೆಯ ಮುಂದೆ ಹಾದಿತ್ತು. ಹುಡುಗಿ ಅದರ ಹಿಂದೆ ಹೆದ್ದಾರಿಗೆ ಓಡಿದ್ದಳು. ಪಂಕ್ಚರ್ ಅಂಗಡಿಯವನು ಹಿಡಿದು ತಂದಿದ್ದ. ಮೊಣಕಾಲು ತರಚಿತ್ತು, ಬೇರೇನೂ ಆಗಿರಲಿಲ್ಲ. ಹೆಡ್ ಮಾಸ್ತರರು ಕೂಗಲಿಲ್ಲ. ತಣ್ಣಗೆ ಮಾತಾಡಿದರು. ಅದೇ ನನಗೆ ಹೆಚ್ಚು ಭಾರವೆನಿಸಿತು.

ಮರುದಿನ ಶಾಲೆಗೆ ಹೋದೆ. ಅವರ ಮೇಜಿನ ಮೇಲೆ ಟಿ.ಸಿ. ಪುಸ್ತಕ ಇತ್ತು.

"ನೀವು ಹೇಳಿದಿರಿ ಅಂತ ಅಕಿ ಅವ್ವಗ ಹೊಲಕ್ಕ ಕಳಿಸಿದೆ ಮೇಡಂ. ನಾಳೆ ಹುಡುಗಿ ಸತ್ರ ಹೆಸರು ನಂದು ಬರ್ತದ, ನಿಮ್ಮ ಗುಳಿಗಿದಲ್ಲ. ಹಬ್ಬ ಆಗಲಿ, ಸೋಮವಾರ ಬಂದು ಟಿ.ಸಿ. ವಯ್ಯಲಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಹೊರಡುವ ಮೊದಲು, ದಿನದ ಲೆಕ್ಕ ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ. ಹಾಜರಿ ಪುಸ್ತಕದ ನಡುವೆ ಸಿಕ್ಕಿಸಿಟ್ಟ ಚೀಟಿಗಳನ್ನು ತೆಗೆದುಕೊಟ್ಟರು. ದಿನಕ್ಕೊಂದು, ತಾರೀಖಿನ ಸಮೇತ. ಅವರು ನನಗಿಂತ ಶಿಸ್ತಿನವರು. ಹುಮನಾಬಾದಿಗೆ ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಕ್ಕೆ ಒರಗಿ ನಿಂತೇ ಚೀಟಿಗಳನ್ನು ನೋಡಿದೆ. ಮೊದಲ ವಾರ: 16, 7, 6, 5, 7. ಎರಡನೇ ವಾರ: 15, 6, 6, 7. ಮೂರನೇ ವಾರ: 17, 5, 7, 6, 6. ನಿನ್ನೆಯದು ಹದಿನೆಂಟು.

ಮಾತ್ರೆ ಕೆಲಸ ಮಾಡುತ್ತಿತ್ತು, ಸೋಮವಾರ ಬಿಟ್ಟು. ಭಾನುವಾರದ ರಜೆ ಕಳೆದು ಬರುವ ಮಕ್ಕಳು ಹಾಗೆಯೇ ಎಂದು ಮೊದಲು ಸಮಾಧಾನ ಹೇಳಿಕೊಂಡೆ. ಜುಲೈ ಲೆಕ್ಕ ತೆಗೆದು ನೋಡಿದರೆ ಆಗ ಸೋಮವಾರಕ್ಕೂ ಉಳಿದ ದಿನಕ್ಕೂ ವ್ಯತ್ಯಾಸವಿರಲಿಲ್ಲ. ಎಲ್ಲವನ್ನೂ ಎಣಿಸುವವಳು ನಾನು. ಅವಳು ಎಷ್ಟು ಸಲ ಎದ್ದಳೆಂದು ಎಣಿಸಿದೆ, ಬಸ್ಸು ಎಷ್ಟು ನಿಮಿಷ ತಡವೆಂದೂ ಬರೆದೆ. ಮಾತ್ರೆಯ ಪಟ್ಟಿಯಲ್ಲಿ ಎಷ್ಟು ಉಳಿದಿವೆ ಎಂದು ಒಮ್ಮೆಯೂ ಎಣಿಸಿರಲಿಲ್ಲ. ತಪ್ಪದೆ ಕೊಡುತ್ತಿದ್ದೀರಾ ಎಂದು ಕೇಳಿದಾಗೆಲ್ಲ ತಾಯಿ, ನೀವು ಹೇಳಿದಂತೆಯೇ ಕೊಡುತ್ತಿದ್ದೇನೆ ಎಂದಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದೆ.

28ರಂದು ವೈದ್ಯರು ಬಂದರು. ಮೊತ್ತ 41ರಲ್ಲೇ ನಿಂತದ್ದನ್ನೂ ರಸ್ತೆಯ ಘಟನೆಯನ್ನೂ ಕೇಳಿ, ಪ್ರಮಾಣ ಹೆಚ್ಚಿಸಲು ಪೆನ್ನು ತೆಗೆದರು. ಹೊರಗೆ ಇನ್ನೂ ಹನ್ನೊಂದು ಮಕ್ಕಳಿದ್ದರು. ಚೀಟಿಗಳನ್ನು ವಾರದ ಸಾಲಿನಲ್ಲಿ ಮೇಜಿನ ಮೇಲೆ ಜೋಡಿಸಿದೆ. ಬರುವ ಸೋಮವಾರ ಬೆಳಿಗ್ಗೆ ಅವರ ಮನೆಯಲ್ಲಿ ಏನಾಗುತ್ತದೆಂದು ನೋಡಿ ಬರುವವರೆಗೆ ಹೆಚ್ಚಿಸಬೇಡಿ ಎಂದು ಕೇಳಿಕೊಂಡೆ. ಅವರು ಚೀಟಿಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಪೆನ್ನಿನ ಮುಚ್ಚಳ ಹಾಕಿದರು. ಬಸವಕಲ್ಯಾಣದಲ್ಲಿ ಸೋಮವಾರಕ್ಕೆಂದು ಹೆಸರು ಬರೆಸಿದ್ದ ನಾಲ್ಕು ಮನೆಯವರಿಗೆ ಫೋನ್ ಮಾಡಿ ಬರಬೇಡಿ ಎಂದೆ. ಒಬ್ಬರು, ಇದು ಎರಡನೇ ಸಲ ಎಂದು ನೆನಪಿಸಿದರು. ನಿಜವಾಗಿತ್ತು.

ಸೆಪ್ಟೆಂಬರ್ 1, ಬೆಳಿಗ್ಗೆ ಎಂಟು ಗಂಟೆ. ಮನೆಯ ಮುಂದೆ ಹುಡುಗಿ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯಿಂದ ಕೆಳಕ್ಕೆ, ಕೆಳಗಿನಿಂದ ಕಟ್ಟೆಗೆ ಜಿಗಿಯುತ್ತಿದ್ದಳು. ಒಳಗೆ ತಂದೆ ರೊಟ್ಟಿ ತಿಂದು ಎದ್ದ ತಾಟು ಇತ್ತು. ಹುಡುಗಿಯ ತಾಟು ಇರಲಿಲ್ಲ. ಮಾತ್ರೆಯ ಪಟ್ಟಿ ಗೋಡೆಯ ಮಾಡದಲ್ಲಿತ್ತು. ತೆಗೆದು ಎಣಿಸಿದೆ. ಇರಬೇಕಾದ್ದಕ್ಕಿಂತ ನಾಲ್ಕು ಹೆಚ್ಚು. ಇವತ್ತು ಕೊಡಲಿಲ್ಲವೇ ಎಂದು ತಾಯಿಯನ್ನು ಕೇಳಿದೆ.

"ಸೋಮವಾರ ಉಪವಾಸ ಅದಾಳಲ್ರಿ ಮೇಡಂ. ನೀವೇ ಹೇಳೀರಿ, ಖಾಲಿ ಹೊಟ್ಟಿಗಿ ಒಟ್ಟ ಬ್ಯಾಡಂತ."

ಹೇಳುವಾಗ ಅವಳ ಮುಖದಲ್ಲಿ ತಪ್ಪಿನ ನೆರಳೂ ಇರಲಿಲ್ಲ. ಇರಬೇಕಾದ್ದೂ ಅಲ್ಲ. ಉಪವಾಸ ಅಜ್ಜಿಯ ಹರಕೆ. ಮೊಮ್ಮಗಳು ತಣ್ಣಗಾಗಲೆಂದು ಅವಳ ಹೆಸರಿನಲ್ಲಿ ಹನ್ನೊಂದು ಸೋಮವಾರ ಬೇಡಿಕೊಂಡಿದ್ದರು. ಶ್ರಾವಣದ ಮೊದಲ ಸೋಮವಾರ, ಅಂದರೆ ಮಾತ್ರೆ ಬರೆಯುವ ಮೂರು ದಿನ ಮೊದಲು, ಹರಕೆ ಶುರುವಾಗಿತ್ತು. ಐದು ಮುಗಿದಿದ್ದವು. ಇವತ್ತಿನದು ಆರನೆಯದು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆಯೇ ಹುಡುಗಿಗೆ ಊಟ.

ತಾಯಿ ದನಿ ತಗ್ಗಿಸಿ, ಖಾಲಿ ಹೊಟ್ಟೆಗೂ ನಡೆಯುತ್ತದೆಂದಾದರೆ ಅತ್ತೆಗೆ ಹೇಳದೆ ಕೊಟ್ಟುಬಿಡುತ್ತೇನೆ ಎಂದಳು. ಸುಲಭದ ದಾರಿ ಅದೇ ಆಗಿತ್ತು. ಖಾಲಿ ಹೊಟ್ಟೆಗೆ ಕೊಟ್ಟರೆ ವಿಷವಾಗುವ ಮಾತ್ರೆಯೇನೂ ಅಲ್ಲ. ಆದರೆ ಹಸಿವು ಕಡಿಮೆ ಮಾಡುವ ಮಾತ್ರೆಯನ್ನು ದಿನವಿಡೀ ಉಣ್ಣದ ಎಂಟು ವರ್ಷದ ಮಗುವಿಗೆ ಕದ್ದು ಕೊಡಲು ಹೇಳುವುದು ನನ್ನಿಂದಾಗಲಿಲ್ಲ. ಅಜ್ಜಿಗೆ ಗೊತ್ತಾದ ದಿನ ಮಾತ್ರೆ ಒಮ್ಮೆಗೇ ನಿಲ್ಲುವುದೂ ಖಂಡಿತವಿತ್ತು. ಅವರನ್ನು ಕರೆಯಿರಿ ಎಂದೆ.

ಅಜ್ಜಿ ದನಕ್ಕೆ ನೀರಿಟ್ಟು, ಕೈ ಒರೆಸಿಕೊಳ್ಳುತ್ತ ಬಂದರು. ಅಂಕಿ ಓದಲು ಅವರಿಗೂ ಬರುವುದಿಲ್ಲ. ಮನೆಯದೇ ತೊಗರಿ ಒಂದು ಹಿಡಿ ತರಿಸಿ, ಚೀಟಿ ನೋಡುತ್ತ ನೆಲದ ಮೇಲೆ ಗುಂಪು ಹಾಕಿದೆ. ಇದು ಸೋಮವಾರ, ಇದು ಮಂಗಳವಾರ, ಇದು ಬುಧವಾರ. ಒಂದೊಂದು ಕಾಳೂ ಅವಳು ಒಂದೊಂದು ಸಲ ಎದ್ದದ್ದು. ಮೂರು ವಾರವನ್ನು ಹಾಗೆ ಹಾಕಿ, ಕೊನೆಗೆ ಕಳೆದ ಸೋಮವಾರದ ಹದಿನೆಂಟು ಕಾಳು ಇಟ್ಟು, ಟೆಂಪೊ ಹಿಂದೆ ಓಡಿದ ದಿನ ಎಂದೆ. ಅಜ್ಜಿ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಗುಂಪನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಅಂದ್ರ ನಾ ಉಪವಾಸ ಹಿಡಿಸಿದ ದಿನಾನೇ ಓಡ್ಯಾಳ," ಎಂದರು. "ದೇವರ ಹೆಸರಲೆ ನಾನೇ ರಸ್ತಾಕ್ಕ ಕಳಿಸಿದಂಗಾಯ್ತೇನ ಮೇಡಂ?"

ಇಲ್ಲ ಎಂದೆ. ಉಪವಾಸಕ್ಕೆ ಓಡಿದ್ದಲ್ಲ, ಆ ದಿನ ಮಾತ್ರೆ ಹೊಟ್ಟೆಗೆ ಹೋಗಿರಲಿಲ್ಲ. ಅದಕ್ಕೆ ಕಾರಣ ನನ್ನ ಮಾತು. ವೈದ್ಯರು ಹೇಳಿದ್ದಕ್ಕಿಂತ ಬಿಗಿಯಾಗಿ ಹೇಳಿದೆ, ಮನೆಯಲ್ಲಿ ಯಾರಾದರೂ ವಾರದ ಉಪವಾಸ ಹಿಡಿಯುತ್ತೀರಾ ಎಂದು ಕೇಳಲಿಲ್ಲ. ಇದನ್ನು ಹೇಳಲು ನನಗೆ ಕಷ್ಟವಾಯಿತು. ಸೊಸೆಯ ಮುಂದೆ, ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳ ಮುಂದೆ ಹೇಳಿದೆ.

ಅಜ್ಜಿ ಕಾಳುಗಳನ್ನು ಗುಂಪು ಕಲೆಯದಂತೆ ಬದಿಗೆ ಸರಿಸಿದರು. ಅವರು ವಾದ ಮಾಡಿದ್ದು ನನ್ನೊಡನೆಯಲ್ಲ, ತಮ್ಮೊಡನೆ.

"ನಾ ನಿರಂಕಾರ, ನೀರ ಭಿ ಮುಟ್ಟದಂಗ, ಅಂತ ಬೇಡ್ಕೊಂಡಿಲ್ಲ. ಉಪವಾಸ ಅಂದೀನಿ, ಬರೇ ಉಪವಾಸ. ಉಪವಾಸಕ್ಕ ಉಪ್ಪಿಲ್ಲದ ಫರಾಳ, ಹಣ್ಣು ಹಂಪಲ ನಡೀತದ. ನಾ ಭಿ ಸಣ್ಣಾಕಿದ್ದಾಗ ಸಾಬುದಾಣಿ ತಿಂದೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಗುಳಿಗ್ಯಾಗ ಉಪ್ಪ ಇರ್ತದೇನು?"

ಇಲ್ಲ ಎಂದೆ. ಉಪ್ಪಿಲ್ಲದಿದ್ದರೆ ಅಡ್ಡಿಯಿಲ್ಲವೆಂದರು. ಮನೆಯಲ್ಲಿ ಸಾಬುದಾಣಿ ಇರಲಿಲ್ಲ. ಪಕ್ಕದ ಮನೆಯವಳು ಎರಡು ಬಾಳೆಹಣ್ಣು ತಂದಳು, ತಾಯಿ ಶೇಂಗಾ ಹುರಿದು ಬೆಲ್ಲ ಕುಟ್ಟಿದಳು. ಹುಡುಗಿಗೆ ಎರಡು ತುತ್ತು ತಿನ್ನುವಷ್ಟರಲ್ಲಿ ಹಿತ್ತಲಲ್ಲಿ ಏನೋ ಕಂಡಿತು. ಅಜ್ಜಿ ಅವಳ ಭುಜ ಮುಟ್ಟಿ, ಕಣ್ಣು ನೋಡಿ, "ಬಾಯಾಗಿಂದು ನುಂಗು," ಎಂದಷ್ಟೇ ಹೇಳಿದರು. ನಾನು ಸೊಸೆಗೆ ಕಲಿಸಿದ್ದನ್ನು ಅವರು ಮೂಲೆಯಲ್ಲಿ ಕುಳಿತೇ ಕಲಿತಿದ್ದರು. ಎಂಟು ಐವತ್ತಕ್ಕೆ ಮಾತ್ರೆ ಕೊಟ್ಟೆವು.

ತಾಯಿ, ಮಗಳೊಂದಿಗೆ ನಾನೂ ಶಾಲೆಗೆ ನಡೆದೆ. ಹೆಡ್ ಮಾಸ್ತರರು ಟಿ.ಸಿ. ಪುಸ್ತಕ ತೆರೆದಿಟ್ಟಿದ್ದರು, ತಾಯಿಯ ಹೆಸರಿನವರೆಗೆ ಬರೆದಾಗಿತ್ತು. ಆದದ್ದನ್ನು ಹೇಳಿ, ಇವತ್ತೊಂದು ದಿನ ಕಾಳು ಹಾಕಿ ಎಂದು ಕೇಳಿಕೊಂಡೆ. ಅವರು ಪುಸ್ತಕ ಮುಚ್ಚದೆ ಎದ್ದರು. ಹತ್ತೂವರೆಗೆ ತರಗತಿಗೆ ಹೋದರು. ನಾನೂ ತಾಯಿಯೂ ಗೇಟಿನ ಹತ್ತಿರ ಕಲ್ಲಿನ ಮೇಲೆ ಕುಳಿತೆವು. ಹನ್ನೊಂದಕ್ಕೆ ಅವರು ಹೊರಗೆ ಬಂದು ಡಬ್ಬಿಯನ್ನು ಅಂಗೈಗೆ ಬೋರಲು ಹಾಕಿ ತೋರಿಸಿದರು. ಏಳು.

"ಒಂದು ಸೋಮವಾರಕ್ಕ ನಾ ನಂಬಂಗಿಲ್ಲ," ಎಂದರು. "ಇನ್ನೆರಡು ನೋಡ್ತೀನಿ. ಅಲ್ಲಿತನಕ ನೀ ಇಲ್ಲೇ ಕೂಡಬೇಕವ್ವ."

ಮುಂದಿನ ಸೋಮವಾರ ಆರು, ಅದರ ಮುಂದಿನದು ಎಂಟು. ದಸರಾ ರಜೆಗೆ ಮೊದಲು ಅವರು ಅರ್ಧ ಬರೆದ ಆ ಹಾಳೆಗೆ ಅಡ್ಡ ಗೆರೆ ಎಳೆದು 'ರದ್ದು' ಎಂದು ಬರೆದು ಸಹಿ ಹಾಕಿದರು. ಸೆಪ್ಟೆಂಬರ್ 11ರಂದು ವೈದ್ಯರು ಪ್ರಮಾಣ ಹೆಚ್ಚಿಸಲಿಲ್ಲ. ಬಯಸದೆ ಬಂದ ಆ ನಾಲ್ಕು ಸೋಮವಾರಗಳಿಂದಲೇ ಮಾತ್ರೆ ಇದ್ದಾಗ, ಇಲ್ಲದಾಗ ಏನು ವ್ಯತ್ಯಾಸವೆಂದು ಸ್ಪಷ್ಟವಾಗಿ ಕಂಡಿತೆಂದರು. ಹುಡುಗಿ ರಸ್ತೆಗೆ ಓಡಿದ ದಿನವೂ ಆ ನಾಲ್ಕರಲ್ಲಿ ಒಂದು. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ.

ಎಲ್ಲವೂ ಸರಿಯಾಯಿತೆಂದು ಬರೆಯಲಾರೆ. ಓದುವುದರಲ್ಲಿ ಅವಳು ಇನ್ನೂ ಒಂದನೇ ತರಗತಿಯ ಮಟ್ಟದಲ್ಲಿದ್ದಾಳೆ, ಅದಕ್ಕೆ ಮಾತ್ರೆಯಿಲ್ಲ. ಎರಡು ತಿಂಗಳಲ್ಲಿ ತೂಕ ಎಂಟು ನೂರು ಗ್ರಾಂ ಇಳಿದಿತ್ತು. ಸಂಜೆ ಹೊತ್ತಿಗೆ ಮಾತ್ರೆಯ ಪ್ರಭಾವ ಮುಗಿದಿರುತ್ತದೆ, ಆಗ ಹೊಟ್ಟೆ ತುಂಬ ಉಣಿಸಿ, ಹಾಲು ಕೊಡಿ ಎಂದು ಹೇಳಿ ಕಳಿಸಿದ್ದೇವೆ. ಶಾಲೆಯಿಂದ ಬಂದ ಮೇಲೆ ಅವಳು ಮೊದಲಿನಂತೆಯೇ ಕಟ್ಟೆಯಿಂದ ಜಿಗಿಯುತ್ತಾಳೆ. ನನ್ನ ವಿವರದ ಹಾಳೆಯಲ್ಲಿ ಈಗ ಒಂದು ಹೊಸ ಸಾಲಿದೆ: ಯಾವ ವಾರ, ಯಾರ ಉಪವಾಸ. ಅದನ್ನು ಕೇಳಲು ಶುರುಮಾಡಿದ ಮೇಲೆ ಬಸವಕಲ್ಯಾಣದಲ್ಲಿ ಇನ್ನೂ ಇಬ್ಬರು ಮಕ್ಕಳು ವಾರಕ್ಕೊಂದು ದಿನ ಮಾತ್ರೆ ಬಿಡುತ್ತಿದ್ದದ್ದು ತಿಳಿಯಿತು. ಅವರಲ್ಲೊಬ್ಬನಿಗೆ ಪ್ರಮಾಣ ಹೆಚ್ಚಿಸಿಯೂ ಆಗಿತ್ತು. ಇಳಿಸಬೇಕಾಯಿತು.

ನವೆಂಬರಿನ ಒಂದು ಗುರುವಾರ ತಾಯಿ ಮಾತ್ರೆ ಒಯ್ಯಲು ಒಬ್ಬಳೇ ಬಂದಳು. ಆ ದಿನ ಅವಳದು ನಾಲ್ಕನೇ ಹೆಸರು. ಕುರ್ಚಿಯ ಮೇಲೆ ಕುಳಿತಳು. ಉಳಿದ ಮಾತ್ರೆ ಎಣಿಸಿದೆ, ಸರಿಯಿತ್ತು. ಕೆಲಸಕ್ಕೆ ಹೋಗುತ್ತಿದ್ದೀರಾ ಎಂದು ಕೇಳಿದೆ.

"ಮೊನ್ನಿ ಕಡ್ಲಿ ಬಿತ್ತಾಕ ಹೋಗಿದ್ದೆ ರೀ," ಎಂದಳು. "ಹೊಲದಿಂದ ಸಾಲಿ ಕಾಣ್ತದ. ಹತ್ತ ಗಂಟೆಕ್ಕ ಒಮ್ಮಿ ತಿರುಗಿ ನೋಡಿದೆ. ಆಮ್ಯಾಲ ನೋಡ್ಲಿಲ್ರಿ."